ಆಟದ ಸಾಮಾನು ಮೈದಾನ ಮುಟ್ಟುವವರೆಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)

 

ಕ್ರೀಡೆಯ ಬಗ್ಗೆ ನಾಲ್ಕು ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಒಪ್ಪಿಕೊಂಡೆ. ಆದರೆ ಆರೋಗ್ಯವೇ ಭಾಗ್ಯ, ಸೋಲು ಗೆಲುವು ಎರಡೂ ಸಮ, ಶಿಸ್ತು ಮುಖ್ಯ ಎಂಬ ಮಾತುಗಳನ್ನು ನೀವು ಪ್ರತಿ ವರ್ಷವೂ ಇದೇ ವೇದಿಕೆಯಿಂದ ನನಗಿಂತ ಚೆನ್ನಾಗಿ ಮಾತನಾಡುವವರ ಬಾಯಲ್ಲಿ ಕೇಳಿದ್ದೀರಿ. ನಾನು ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ನನ್ನ ಸೇವೆಯ ಅರ್ಧ ಭಾಗ ಮಕ್ಕಳಿಗೆ ಆಟ ಕಲಿಸುವುದರಲ್ಲಿ ಕಳೆಯಿತು, ಉಳಿದರ್ಧ ಆಟದ ಸಾಮಾನನ್ನು ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸುವುದರಲ್ಲಿ ಕಳೆಯಿತು. ಮೊದಲನೆಯದರ ಬಗ್ಗೆ ಪುಸ್ತಕಗಳಿವೆ. ಎರಡನೆಯದನ್ನು ಯಾರೂ ಬರೆದಂತಿಲ್ಲ. ಹಾಗಾಗಿ ಇವತ್ತು ಪೆಟ್ಟಿಗೆ, ಚೀಲ, ಕೊಳವೆ, ಹಗ್ಗ ಇವುಗಳ ಬಗ್ಗೆಯೇ ಮಾತನಾಡುತ್ತೇನೆ. ಹಿಂದಿನ ಸಾಲಿನ ಹುಡುಗರು ಈಗಲೇ ನಗುತ್ತಿದ್ದಾರೆ. ನಗಲಿ.

ನಮ್ಮ ಸೀಮೆಯ ಪರಿಸ್ಥಿತಿ ತಮಗೆಲ್ಲ ತಿಳಿದದ್ದೇ. ಕೊಳ್ಳೇಗಾಲಕ್ಕೆ ಇಂದಿಗೂ ರೈಲಿಲ್ಲ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದೆವು, ಆಮೇಲೆ ಮೈಸೂರು ಜಿಲ್ಲೆಯವರಾದೆವು, 1997ರಿಂದ ಚಾಮರಾಜನಗರದವರು. ಜಿಲ್ಲಾ ಕೇಂದ್ರ ಬದಲಾಯಿತು, ಪ್ರಯಾಣ ಮಾತ್ರ ಬಸ್ಸಿನಲ್ಲೇ ಉಳಿಯಿತು. ಕೌದಳ್ಳಿ, ರಾಮಾಪುರ, ಲೊಕ್ಕನಹಳ್ಳಿ ಕಡೆಯ ಮಗು ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಹೋಗಬೇಕಾದರೆ ಹನೂರಿಗೆ ಬರಬೇಕು, ಅಲ್ಲಿಂದ ಕೊಳ್ಳೇಗಾಲ, ಅಲ್ಲಿಂದ ಯಳಂದೂರು, ಸಂತೆಮರಹಳ್ಳಿ ದಾಟಿ ಚಾಮರಾಜನಗರ. ದಸರಾ ಕ್ರೀಡಾಕೂಟದಲ್ಲಿ ಗೆದ್ದು ಮೈಸೂರಿಗೆ ಹೋಗುವ ಭಾಗ್ಯ ಬಂದರೆ ಇನ್ನೂ ಒಂದು ಬಸ್ಸು. ಪ್ರತಿಯೊಂದು ಬಸ್ಸಿಗೂ ಸಾಮಾನು ಹತ್ತಿಸಬೇಕು, ಇಳಿಸಬೇಕು. ನನ್ನ ಅನುಭವದಲ್ಲಿ ಆಟದ ಸಾಮಾನು ಆಟದಲ್ಲಿ ಮುರಿಯುವುದಕ್ಕಿಂತ ಹೆಚ್ಚಾಗಿ ಈ ಹತ್ತಿಸಿ ಇಳಿಸುವಲ್ಲೇ ಮುರಿಯುತ್ತದೆ.

ಒಂದು ಸಂಗತಿ ಹೇಳುತ್ತೇನೆ. ಬಹಳ ವರ್ಷಗಳ ಹಿಂದಿನ ಮಾತು. ಜಿಲ್ಲಾ ಕೂಟದಲ್ಲಿ ಭರ್ಜಿ ಎಸೆತದ ವಿಭಾಗಕ್ಕೆ ನನ್ನನ್ನು ತೀರ್ಪುಗಾರನಾಗಿ ಹಾಕಿದ್ದರು. ಹನೂರಿನಾಚೆಯ ಹಳ್ಳಿಯೊಂದರ ಹುಡುಗ ಬಂದಿದ್ದ. ಮನೆಯಲ್ಲಿ ಬಿದಿರಿನ ಗಳುವನ್ನು ಭರ್ಜಿ ಮಾಡಿಕೊಂಡು ಹೊಲದ ಬದುವಿನಲ್ಲಿ ಎಸೆದು ಕಲಿತವನು. ತಾಲೂಕಿನಲ್ಲಿ ಮೊದಲನೆಯವನಾದ ಮೇಲೆ ಅವನ ಶಾಲೆಯವರು ಚಂದಾ ಎತ್ತಿ ಒಂದು ಅಲ್ಯೂಮಿನಿಯಂ ಭರ್ಜಿ ತರಿಸಿದ್ದರು. ಆ ದಿನ ಅವರು ಬಂದ ಖಾಸಗಿ ಬಸ್ಸಿನಲ್ಲಿ ಅದನ್ನು ಒಳಗೆ ಬಿಡದೆ ಟಾಪಿನ ಮೇಲೆ ಹಾಕಿಸಿದರಂತೆ. ದಾರಿಯಲ್ಲಿ ಅದರ ಮೇಲೆ ಮೂಟೆಗಳು ಬಿದ್ದವಂತೆ. ಹುಡುಗ ಹಳೆಯ ಪಂಚೆಯಲ್ಲಿ ಸುತ್ತಿದ ಭರ್ಜಿಯನ್ನು ತಪಾಸಣೆಗೆ ತಂದು ನನ್ನ ಮೇಜಿನ ಮೇಲಿಟ್ಟ. ಬಿಚ್ಚಿ ನೋಡಿದರೆ ಮಧ್ಯಭಾಗ ಬಿಲ್ಲಿನಂತೆ ಬಾಗಿತ್ತು. ನಿಯಮದ ಪ್ರಕಾರ ಅದನ್ನು ಬಳಸಲು ಬಿಡುವಂತಿರಲಿಲ್ಲ, ಬಿಡಲಿಲ್ಲ. ಬೇರೆ ಶಾಲೆಯವರು ಕೊಟ್ಟ ಭರ್ಜಿಯಲ್ಲಿ ಎಸೆದ. ಅದರ ಹಿಡಿಕೆಯ ದಾರ ಅವನ ಬೆರಳಿಗೆ ಹೊಸದು, ತೂಕ ಕೂರುವ ಜಾಗ ಹೊಸದು. ಆಯ್ಕೆ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಭರ್ಜಿ ನೆಟ್ಟಗಿದ್ದಿದ್ದರೆ ಅವನೇ ಗೆಲ್ಲುತ್ತಿದ್ದ ಎಂದು ನಾನು ಹೇಳುವುದಿಲ್ಲ. ಆದರೆ ಅದು ಗೊತ್ತಾಗುವ ಅವಕಾಶವೇ ಇಲ್ಲದೆ ಹೋಯಿತಲ್ಲ. ಮುಂದಿನ ವರ್ಷ ಅವನು ಕೂಟಕ್ಕೆ ಬರಲಿಲ್ಲ, ಕೂಲಿಗೆ ಹೋಗುತ್ತಿದ್ದಾನೆ ಎಂದು ಅವನ ಮೇಷ್ಟ್ರು ಹೇಳಿದರು.

ಇದು ಬಡ ಹಳ್ಳಿಯ ಮಾತಷ್ಟೇ ಎಂದುಕೊಳ್ಳಬೇಡಿ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ನಡೆಯಿತು. ಮಹಿಳೆಯರ ಪೋಲ್ ವಾಲ್ಟ್ ಫೈನಲ್‌ನಲ್ಲಿ ಬ್ರೆಜಿಲ್ ದೇಶದ ಫಾಬಿಯಾನಾ ಮ್ಯುರೆರ್ ಎಂಬಾಕೆ ಸ್ಪರ್ಧಿಸುತ್ತಿದ್ದರು. ಪೋಲ್ ವಾಲ್ಟ್ ಮಾಡುವವರಿಗೆ ಒಂದೇ ಕೋಲು ಸಾಲದು. ಎತ್ತರ ಏರಿದಂತೆ ಗಡಸು ಬೇರೆ ಬೇರೆಯಾದ ಕೋಲುಗಳು ಬೇಕು. ಆಕೆಗೆ ಬೇಕಾಗಿದ್ದ ಒಂದು ಕೋಲು ಮೈದಾನದಲ್ಲಿ ಸಿಗಲೇ ಇಲ್ಲ. ಆಕೆ ಅಲ್ಲಿ ಇಲ್ಲಿ ಹುಡುಕಿದರು, ಅಧಿಕಾರಿಗಳೊಡನೆ ವಾದಿಸಿದರು, ಕೊನೆಗೆ ಹತ್ತನೆಯ ಸ್ಥಾನಕ್ಕೆ ತೃಪ್ತಿಪಟ್ಟರು. ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟದಲ್ಲಿ ಸಾಮಾನು ಸಾಗಿಸುವವರ ಕೈಯಲ್ಲೇ ಒಂದು ಕೋಲು ಕಳೆಯಿತು. ಮೂರು ವರ್ಷದ ನಂತರ, 2011ರಲ್ಲಿ, ಆಕೆಯೇ ದೇಗು ನಗರದಲ್ಲಿ ವಿಶ್ವ ಚಾಂಪಿಯನ್ ಆದರು ಎಂಬುದನ್ನೂ ಹೇಳಿಬಿಡಬೇಕು.

ನಮ್ಮ ರಾಜ್ಯದಿಂದಲೇ ಹೊರಟ ಇನ್ನೊಂದು ಪ್ರಸಂಗವಿದೆ. 2026ರ ಜನವರಿಯಲ್ಲಿ ಮಂಗಳೂರು ಕಡೆ ನಡೆದ ಅಂತರ ವಿಶ್ವವಿದ್ಯಾಲಯ ಕೂಟ ಮುಗಿಸಿ ರೈಲಿನಲ್ಲಿ ಹಿಂತಿರುಗುತ್ತಿದ್ದ ಪೋಲ್ ವಾಲ್ಟ್ ಪಟುಗಳನ್ನು ಅವರ ಉದ್ದನೆಯ ಕೋಲುಗಳ ಕಾರಣಕ್ಕೆ ಮಹಾರಾಷ್ಟ್ರದ ಪನ್ವೇಲ್ ನಿಲ್ದಾಣದಲ್ಲಿ ಇಳಿಸಲಾಯಿತು. ಅವರಲ್ಲಿ ಒಬ್ಬರು ಆಗ ರಾಷ್ಟ್ರೀಯ ದಾಖಲೆ ಹೊಂದಿದ್ದ ದೇವ್ ಮೀನಾ. ಗಂಟೆಗಟ್ಟಲೆ ಅವರು ಪ್ಲಾಟ್‌ಫಾರಂ ಮೇಲೆ ಕೋಲುಗಳನ್ನು ಕಾಯುತ್ತ ಕೂತಿದ್ದ ಸುದ್ದಿ ದೇಶವೆಲ್ಲ ಹರಡಿತು. ರಾಷ್ಟ್ರೀಯ ದಾಖಲೆಯವನಿಗೇ ಹೀಗಾದರೆ ನಮ್ಮ ಯಳಂದೂರಿನ ಹೈಸ್ಕೂಲ್ ಹುಡುಗಿಯ ಭರ್ಜಿಯನ್ನು ಕಂಡಕ್ಟರ್ ಕೆಂಪು ಹಾಸು ಹಾಸಿ ಹತ್ತಿಸಿಕೊಳ್ಳುತ್ತಾನೆಯೇ?

ಕಂಡಕ್ಟರನನ್ನು ನಾನು ದೂರುವುದಿಲ್ಲ. ತುಂಬಿದ ಬಸ್ಸಿನಲ್ಲಿ ಚೂಪಾದ ಮೊನೆಯ ಎಂಟೂವರೆ ಅಡಿಯ ಸಲಾಕೆ ತಂದರೆ ಯಾರು ತಾನೇ ಸುಮ್ಮನಿರುತ್ತಾರೆ? "ಏನ್ ಸಾ ಇದು, ಯಾರ್ನ ಚುಚ್ಚಕ್ಕೆ ತಕ್ಕಂಡೊಯ್ತಿದ್ದೀರಿ?" ಎಂದು ಒಬ್ಬ ಕಂಡಕ್ಟರ್ ನನ್ನನ್ನು ಕೇಳಿದ್ದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಕೂಟಗಳಿಗೆ ಹೋಗುವಂತಾಗಿದೆ, ಅದು ಒಳ್ಳೆಯದೇ. ಬಸ್ಸುಗಳಲ್ಲಿ ಜನವೂ ಹೆಚ್ಚಿದ್ದಾರೆ. ಆದ್ದರಿಂದ ಪೆಟ್ಟಿಗೆ ಎಂಬುದು ಸಾಮಾನನ್ನು ಜನರಿಂದ ಕಾಪಾಡಲು ಎಷ್ಟು ಬೇಕೋ ಜನರನ್ನು ಸಾಮಾನಿನಿಂದ ಕಾಪಾಡಲೂ ಅಷ್ಟೇ ಬೇಕು.

ಈಗ ಭರ್ಜಿಗೆ ಬರೋಣ. ಗಂಡಸರ ಭರ್ಜಿ 800 ಗ್ರಾಂ ತೂಕ, ಉದ್ದ 2.6ರಿಂದ 2.7 ಮೀಟರ್. ಹೆಂಗಸರದ್ದು 600 ಗ್ರಾಂ, 2.2ರಿಂದ 2.3 ಮೀಟರ್. ಒಳಗೆ ಪೊಳ್ಳು. ಎಸೆದಾಗ ಉದ್ದಕ್ಕೆ ಬರುವ ಬಲವನ್ನು ಅದು ಸಲೀಸಾಗಿ ತಡೆಯುತ್ತದೆ, ಅಡ್ಡಲಾಗಿ ಯಾರಾದರೂ ಮೊಣಕಾಲೂರಿದರೆ ತಡೆಯುವುದಿಲ್ಲ. ಒಳ್ಳೆಯ ಕಂಪನಿಗಳು ಇದಕ್ಕೆಂದೇ ಗಟ್ಟಿ ಕೊಳವೆಗಳನ್ನು ಮಾಡುತ್ತವೆ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಹೆಸರಿನಲ್ಲೇ ಅಂತರರಾಷ್ಟ್ರೀಯ ಕೂಟ ನಡೆದು ಅವರೇ 86.18 ಮೀಟರ್ ಎಸೆದು ಗೆದ್ದದ್ದನ್ನು ನಿಮ್ಮಲ್ಲಿ ಅನೇಕರು ಟಿ.ವಿ.ಯಲ್ಲಿ ನೋಡಿರಬಹುದು. ಆ ಮಟ್ಟದ ಒಂದು ಭರ್ಜಿಗೆ ಲಕ್ಷ ರೂಪಾಯಿಯ ಆಸುಪಾಸು ಬೆಲೆ ಇರುತ್ತದೆ. ಅಂಥದ್ದನ್ನು ಯಾರೂ ಹಳೆಯ ಪಂಚೆಯಲ್ಲಿ ಸುತ್ತಿ ತರುವುದಿಲ್ಲ.

ಆದರೆ ದೊಡ್ಡವರಿಗೂ ಕಷ್ಟ ತಪ್ಪಿದ್ದಲ್ಲ. ಪಾಕಿಸ್ತಾನದ ಅರ್ಷದ್ ನದೀಂ 2024ರ ಮಾರ್ಚಿನಲ್ಲಿ, ತನ್ನ ಬಳಿ ಅಂತರರಾಷ್ಟ್ರೀಯ ಗುಣಮಟ್ಟದ ಭರ್ಜಿ ಒಂದೇ ಇದೆ, ಏಳೆಂಟು ವರ್ಷದಿಂದ ಅದನ್ನೇ ಬಳಸಿ ಅದು ಹಾಳಾಗಿದೆ ಎಂದು ಹೇಳಿಕೊಂಡರು. ಅದನ್ನು ಕೇಳಿ ನೀರಜ್ ಚೋಪ್ರಾ, ಇಂಥ ಆಟಗಾರನಿಗೆ ಭರ್ಜಿ ಸಿಗುವುದಿಲ್ಲವೆಂದರೆ ನಂಬಲಾಗದು ಎಂಬರ್ಥದ ಮಾತಾಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಅರ್ಷದ್ 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್‌ಗೆ ಬೆಳ್ಳಿ. ನಮ್ಮ ಕನ್ನಡ ನಾಡಿನವರೇ ಆದ ಶಿರಸಿಯ ಕಾಶಿನಾಥ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭರ್ಜಿಯಲ್ಲಿ ಕಂಚು ಗೆದ್ದವರು ಎಂಬುದನ್ನು ಮಕ್ಕಳು ಬರೆದಿಟ್ಟುಕೊಳ್ಳಿ, ರಸಪ್ರಶ್ನೆಯಲ್ಲಿ ಕೇಳುತ್ತಾರೆ.

ಲಕ್ಷ ರೂಪಾಯಿಯ ಭರ್ಜಿಯ ಕೊಳವೆಯನ್ನು ನಾವು ಕೊಳ್ಳಲಾರೆವು. ಬೇಕಾಗಿಯೂ ಇಲ್ಲ. ಮನೆ ಕಟ್ಟುವಾಗ ಹಾಕುವ ನಾಲ್ಕಿಂಚಿನ ಪಿ.ವಿ.ಸಿ. ಪೈಪು ಹತ್ತು ಅಡಿ ಉದ್ದದಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಅಡಿ ಎಂದರೆ ಮೂರು ಮೀಟರಿಗೆ ತುಸು ಹೆಚ್ಚು, ಗಂಡಸರ ಭರ್ಜಿಯೂ ಒಳಗೆ ಹೋಗಿ ಎರಡೂ ತುದಿಯಲ್ಲಿ ಮೆತ್ತೆ ಇಡಲು ಜಾಗ ಉಳಿಯುತ್ತದೆ. ಹುಡುಗಿಯರ ಭರ್ಜಿಗಾದರೆ ಪೈಪನ್ನು ಎಂಟು ಅಡಿಗೆ ಕೊಯ್ಯಿಸಿ, ಹೊರುವುದು ಹಗುರವಾಗುತ್ತದೆ. ಮೂರು ಭರ್ಜಿಗಳು ಒಂದೇ ಪೈಪಿನಲ್ಲಿ ಆರಾಮವಾಗಿ ಹಿಡಿಯುತ್ತವೆ, ಆದರೆ ಒಂದೊಂದಕ್ಕೂ ಬೇರೆ ಬೇರೆ ಬಟ್ಟೆಯ ಗವುಸು ಹೊಲಿಸಬೇಕು. ಲೋಹಕ್ಕೆ ಲೋಹ ತಾಗಿ ದಾರಿಯುದ್ದಕ್ಕೂ ಉಜ್ಜಿದರೆ ಮೇಲ್ಮೈ ಗೀಚಿಹೋಗುತ್ತದೆ. ಒಂದು ತುದಿಯ ಮುಚ್ಚಳವನ್ನು ಅಂಟಿಸಿಬಿಡಿ, ಅದರೊಳಗೆ ಎರಡಿಂಚು ದಪ್ಪದ ಗಟ್ಟಿ ಫೋಮ್ ಕೂರಿಸಿ. ಇನ್ನೊಂದು ತುದಿಯದು ತೆಗೆದು ಹಾಕುವಂತಿರಲಿ. ಚೂಪು ಮೊನೆಗೆ ಹಳೆಯ ಟೆನ್ನಿಸ್ ಚೆಂಡಿಗೆ ಸಣ್ಣ ತೂತು ಮಾಡಿ ಸಿಕ್ಕಿಸಿ. ಹೊರಗಡೆ ಎರಡು ಕಡೆ ಪಟ್ಟಿ ಹಾಕಿ ಹೆಗಲಿಗೆ ಹಾಕಿಕೊಳ್ಳುವಂತೆ ಮಾಡಿ. ಪೈಪಿನ ಮೇಲೆ ಶಾಲೆಯ ಹೆಸರು, ಫೋನ್ ನಂಬರು ಬರೆಸಿ. ಬಸ್ಸಿನಲ್ಲಿ ಅದನ್ನು ನಿಲ್ಲಿಸಬೇಡಿ, ಬ್ರೇಕ್ ಹಾಕಿದಾಗ ಯಾರ ತಲೆ ಮೇಲಾದರೂ ಬೀಳುತ್ತದೆ. ಸೀಟುಗಳ ಕೆಳಗೆ ಉದ್ದಕ್ಕೆ ಮಲಗಿಸಿ, ಹಿಂದಿನ ಮತ್ತು ಮುಂದಿನ ಸೀಟಿನ ಕಾಲಿಗೆ ದಾರ ಕಟ್ಟಿ. ಲಗೇಜ್ ಚೀಟಿ ಕೊಳ್ಳಬೇಕೆಂದರೆ ವಾದ ಮಾಡದೆ ಕೊಳ್ಳಿ, ಚೀಟಿ ಇದ್ದ ಸಾಮಾನಿಗೆ ಮರ್ಯಾದೆ ಬೇರೆ. ಮೊದಲೇ ಡಿಪೋದವರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಟ್ಟಿದ್ದರೆ ಇನ್ನೂ ಸುಲಭ.

ಗುಂಡು ಎಸೆತದ ಗುಂಡಿನ ಬಗ್ಗೆ ಯಾರೂ ಯೋಚಿಸುವುದಿಲ್ಲ, ಏಕೆಂದರೆ ಕಬ್ಬಿಣ ಮುರಿಯುವುದಿಲ್ಲ. ಅದು ಇತರ ಎಲ್ಲವನ್ನೂ ಮುರಿಯುತ್ತದೆ. ಗಂಡಸರ ಗುಂಡು 7.26 ಕಿಲೋ. ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಬಸ್ಸು ವಾಲಿದಾಗ ಅದು ಚೀಲದಿಂದ ಉರುಳಿ ಹೊರಟರೆ ಕೂತವರ ಕಾಲಿನ ಗತಿ ಏನು? ನಮ್ಮ ಅಜ್ಜಿಯರು ಬಿಂದಿಗೆ ಇಡಲು ಸಿಂಬಿ ಮಾಡುತ್ತಿದ್ದರಲ್ಲ, ಹಾಗೆಯೇ ಹಳೆಯ ಬಟ್ಟೆಯ ದಪ್ಪ ಸಿಂಬಿ ಸುತ್ತಿ ಮರದ ಪೆಟ್ಟಿಗೆಯ ತಳದಲ್ಲಿಟ್ಟು ಅದರ ಮೇಲೆ ಗುಂಡನ್ನು ಕೂರಿಸಿ. ಕಿಟ್ ಬ್ಯಾಗಿನೊಳಗೆ ಬ್ಯಾಟು, ಹೆಲ್ಮೆಟ್ಟುಗಳ ಜೊತೆ ಗುಂಡನ್ನು ಎಂದೂ ಹಾಕಬೇಡಿ. ಚಕ್ರ ಎಸೆತದ ಚಕ್ರಕ್ಕೂ ಇದೇ ಮಾತು. ಅದರ ಅಂಚು ಪೆಟ್ಟು ತಿಂದು ಮುಳ್ಳೆದ್ದರೆ ಬೆರಳು ಕುಯ್ಯುತ್ತದೆ.

ಕೇರಂ ಬೋರ್ಡಿಗೆ ಬರೋಣ. ನಮ್ಮ ಮೊಹಲ್ಲಾಗಳಲ್ಲಿ ಕ್ರಿಕೆಟ್ ಬಿಟ್ಟರೆ ಹೆಚ್ಚು ಜನ ಆಡುವ ಆಟ ಅದೇ, ಸಂಘದ ಟೂರ್ನಮೆಂಟಿನಲ್ಲಿ ಹೆಚ್ಚು ಜಗಳ ನಡೆಯುವುದೂ ಅದರಲ್ಲೇ. ಆಡುವ ಜಾಗ 74 ಸೆಂಟಿಮೀಟರ್ ಚೌಕ, ಪ್ಲೈವುಡ್, ಸುತ್ತ ಗಟ್ಟಿ ಮರದ ಚೌಕಟ್ಟು. ಬೋರ್ಡಿಗೆ ಮೂರು ಶತ್ರುಗಳು: ತೇವ, ಬಾಗು, ಮೂಲೆಯ ಪೆಟ್ಟು. ಗೋಡೆಗೆ ಓರೆಯಾಗಿ ಒರಗಿಸಿ ತಿಂಗಳುಗಟ್ಟಲೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆಮೇಲೆ ಎಷ್ಟು ಪೌಡರ್ ಸುರಿದರೂ ಸ್ಟ್ರೈಕರ್ ಒಂದೇ ಕಡೆ ಎಳೆಯುತ್ತದೆ, ಆಡುವವರು ಪರಸ್ಪರ ಬೈದುಕೊಳ್ಳುತ್ತಾರೆ. ಸಾಗಿಸುವಾಗ ನೇರವಾಗಿ, ಅಂಚಿನ ಮೇಲೆ ನಿಲ್ಲಿಸಿ ಒಯ್ಯಬೇಕು. ಎರಡು ಬೋರ್ಡುಗಳಿದ್ದರೆ ಮುಖಕ್ಕೆ ಮುಖ ಮಾಡಿ, ನಡುವೆ ಒಂದು ತೆಳು ರಜಾಯಿ ಹಾಕಿ, ನಾಲ್ಕೂ ಮೂಲೆಗೆ ಮಡಿಸಿದ ರಟ್ಟು ಕೊಟ್ಟು, ಹೊರಗೆ ದಪ್ಪ ದುಪ್ಪಟಿ ಸುತ್ತಿ ಕಟ್ಟಿ. ಮಳೆಗಾಲದಲ್ಲಿ ಅದರ ಮೇಲೆ ಟಾರ್ಪಾಲು. ಕಾಯಿಗಳೂ ಸ್ಟ್ರೈಕರೂ ಬೇರೆ ಡಬ್ಬಿಯಲ್ಲಿರಲಿ. ಬಲೆಯೊಳಗೇ ಬಿಟ್ಟು ಹೊತ್ತೊಯ್ಯುವ ಅಭ್ಯಾಸ ನಮ್ಮಲ್ಲಿದೆ. ಊರು ಮುಟ್ಟುವಷ್ಟರಲ್ಲಿ ಒಂದು ಕಾಯಿ ಕಡಿಮೆ, ಆ ಜಾಗಕ್ಕೆ ಶರ್ಟಿನ ಗುಂಡಿ.

ಕ್ರಿಕೆಟ್ ಕಿಟ್ ಬಗ್ಗೆ ನಿಮಗೆಲ್ಲ ನನಗಿಂತ ಹೆಚ್ಚು ಗೊತ್ತು, ಬೇಗ ಮುಗಿಸುತ್ತೇನೆ. ಬ್ಯಾಟು ವಿಲ್ಲೋ ಮರದ್ದು, ಅದಕ್ಕೆ ಅತಿ ಬಿಸಿಯೂ ಆಗದು ಅತಿ ತೇವವೂ ಆಗದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಇಡೀ ದಿನ ಬಿಟ್ಟರೆ ಮರ ಒಣಗಿ ಸೀಳುತ್ತದೆ, ಇಬ್ಬನಿಯ ನೆಲದ ಮೇಲೆ ಊರಿ ನಿಂತರೆ ತುದಿ ನೀರು ಹೀರಿ ಊದಿಕೊಳ್ಳುತ್ತದೆ. ಒದ್ದೆ ಪ್ಯಾಡು, ಗ್ಲೌಸುಗಳನ್ನು ಬ್ಯಾಟಿನ ಜೊತೆ ತುರುಕಿ ಜಿಪ್ ಎಳೆಯಬೇಡಿ. ಮೊದಲು ಗಾಳಿಗೆ ಹರವಿ.

ಹೆಲ್ಮೆಟ್ ಬಗ್ಗೆ ಮಾತ್ರ ತುಸು ನಿಲ್ಲಬೇಕು. 2014ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್ ಕತ್ತಿನ ಭಾಗಕ್ಕೆ ಚೆಂಡು ಬಡಿದು ತೀರಿಕೊಂಡ ನಂತರ ಹೆಲ್ಮೆಟ್ಟಿಗೆ ಕತ್ತಿನ ರಕ್ಷಣೆ ಸೇರಿಸುವುದು ಹೆಚ್ಚಾಯಿತು. ನಾವು ಸಾವಿರಾರು ರೂಪಾಯಿ ಕೊಟ್ಟು ಒಳ್ಳೆಯ ಹೆಲ್ಮೆಟ್ ತರುತ್ತೇವೆ, ಆಮೇಲೆ ಅದನ್ನು ಕಿಟ್ ಬ್ಯಾಗಿನ ತಳಕ್ಕೆ ಹಾಕಿ ಮೇಲೆ ನಾಲ್ಕು ಬ್ಯಾಟು, ಆರು ಸ್ಟಂಪು ಹೇರಿ ಟೆಂಪೋದಲ್ಲಿ ಎಸೆಯುತ್ತೇವೆ. ಬ್ಯಾಟು ಬಿರುಕು ಬಿಟ್ಟರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಹೆಲ್ಮೆಟ್ಟಿನ ಚಿಪ್ಪು ಒಳಗೆ ಬಿರಿದಿದ್ದರೆ ಗೊತ್ತಾಗುವುದು ಚೆಂಡು ಬಂದು ಬಡಿದಾಗಲೇ. ಕಬ್ಬಿಣದ ಜಾಲರಿ ಒಂದು ಬೆರಳಷ್ಟು ಬಾಗಿದ್ದರೂ ಚೆಂಡು ಒಳನುಗ್ಗುವ ಸಂದು ಆಗುತ್ತದೆ. ಹೆಲ್ಮೆಟ್ಟಿಗೆ ಬೇರೆಯೇ ಚೀಲ ಇರಲಿ, ಒಳಗೆ ಟವೆಲ್ ತುಂಬಿ, ಕೈಯಲ್ಲಿ ಹಿಡಿದು ಪ್ರಯಾಣ ಮಾಡಿ. ಬಲವಾಗಿ ಕೆಳಗೆ ಬಿದ್ದು ಬಿರುಕು ಬಿಟ್ಟ ಹೆಲ್ಮೆಟ್ಟನ್ನು ಪಕ್ಕದ ಗಲ್ಲಿಯ ಹುಡುಗರಿಗೆ ದಾನ ಕೊಡಬೇಡಿ. ಒಡೆದು ಗುಜರಿಗೆ ಹಾಕಿ.

ಶಟಲ್ ಬ್ಯಾಡ್ಮಿಂಟನ್‌ನಲ್ಲಿ ಹಳೆಯವರ ಒಂದು ಉಪಾಯ ಹೇಳಬೇಕು. ಪ್ರಕಾಶ್ ಪಡುಕೋಣೆಯವರು ಬೆಂಗಳೂರಿನ ಮಲ್ಲೇಶ್ವರದ ಮದುವೆ ಮಂಟಪವೊಂದರಲ್ಲಿ ಆಡಿ ಬೆಳೆದು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು. ಅವರು ಆಟ ಕಲಿಯುವ ಕಾಲಕ್ಕೆ ಮರದ ಚೌಕಟ್ಟಿನ ರಾಕೆಟ್ಟುಗಳಿದ್ದವು. ತಂತಿಯ ಎಳೆತಕ್ಕೂ ಹವೆಯ ತೇವಕ್ಕೂ ಮರ ತಿರುಚಿಕೊಳ್ಳುತ್ತಿತ್ತು. ಅದಕ್ಕೆ ಎರಡು ಮರದ ಚೌಕಗಳ ನಡುವೆ ರಾಕೆಟ್ಟಿನ ತಲೆಯಿಟ್ಟು ನಾಲ್ಕು ಮೂಲೆಯಲ್ಲಿ ಸ್ಕ್ರೂ ಬಿಗಿದು ಇಡುತ್ತಿದ್ದರು. ಪ್ರೆಸ್ ಎನ್ನುತ್ತಿದ್ದರು. ಈಗಿನ ಕಾರ್ಬನ್ ರಾಕೆಟ್ಟು ತಿರುಚುವುದಿಲ್ಲ, ಆದರೆ ಪಕ್ಕದಿಂದ ಒತ್ತಿದರೆ ಕೂದಲೆಳೆಯ ಬಿರುಕು ಬಿಡುತ್ತದೆ, ಮುಂದಿನ ಸ್ಮ್ಯಾಷಿಗೆ ಎರಡು ತುಂಡಾಗುತ್ತದೆ. ಬೆನ್ನಿಗೆ ಹಾಕಿಕೊಂಡ ಶಾಲಾ ಚೀಲದಿಂದ ಹಿಡಿ ಹೊರಗಿಣುಕುವಂತೆ ಸಿಕ್ಕಿಸಿ ಬಸ್ಸು ಹತ್ತುವವರನ್ನು ದಿನವೂ ನೋಡುತ್ತೇನೆ. ಗಟ್ಟಿ ರಟ್ಟನ್ನು ರಾಕೆಟ್ಟಿನ ತಲೆಯ ಆಕಾರಕ್ಕೆ ಎರಡು ತುಂಡು ಕತ್ತರಿಸಿ ಇಬ್ಬದಿಗೂ ಇಟ್ಟು ಕವರಿನೊಳಗೆ ಹಾಕಿದರೆ ಅಷ್ಟಕ್ಕೇ ಎಷ್ಟೋ ರಾಕೆಟ್ಟುಗಳು ಉಳಿಯುತ್ತವೆ. ಒಂದು ತಂತಿ ಹರಿದರೆ ಉಳಿದವನ್ನೂ ಕೂಡಲೇ ಕತ್ತರಿಸಿಬಿಡಿ, ಒಂದೇ ಕಡೆ ಎಳೆತ ಉಳಿದು ಚೌಕಟ್ಟು ಸೊಟ್ಟಗಾಗುತ್ತದೆ. ಗರಿಯ ಶಟಲ್ಲಿನಲ್ಲಿ ಹದಿನಾರು ಗರಿಗಳಿರುತ್ತವೆ, ಇಡೀ ಶಟಲ್ಲಿನ ತೂಕ ಐದು ಗ್ರಾಂನ ಆಸುಪಾಸು. ಅದರ ಕೊಳವೆಯ ಮೇಲೆ ಭಾರ ಹೇರಬೇಡಿ, ಬಿಸಿಲಿಗೂ ಇಡಬೇಡಿ. ಗರಿ ಒಣಗಿದರೆ ಎರಡೇ ಹೊಡೆತಕ್ಕೆ ಉದುರುತ್ತದೆ.

ವಾಲಿಬಾಲ್, ಫುಟ್‌ಬಾಲ್‌ಗಳ ಗಾಳಿಯನ್ನು ಸ್ವಲ್ಪ ಇಳಿಸಿ ಒಯ್ಯಿರಿ, ಪೂರ್ತಿ ತೆಗೆದು ಮಡಿಸಬೇಡಿ. ನೆಟ್ಟನ್ನು ಕೋಲಿಗೆ ಸುತ್ತಿ. ಇಷ್ಟು ಸಾಕು.

ದೂರದ ಪ್ರಯಾಣದ ಎರಡು ನಿಯಮ ನೆನಪಿಡಿ. ರೈಲಿನ ಬೋಗಿಯೊಳಗೆ ಜೊತೆಗೆ ಒಯ್ಯುವ ಪೆಟ್ಟಿಗೆಗೆ ಅಳತೆಯ ಮಿತಿ ಇದೆ: 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ. ಇದಕ್ಕಿಂತ ದೊಡ್ಡದಾದರೆ ಲಗೇಜ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ ಕಳುಹಿಸಬೇಕು. ಚಾಮರಾಜನಗರದಲ್ಲೋ ಮೈಸೂರಿನಲ್ಲೋ ರೈಲು ಹತ್ತುವ ಗಳಿಗೆಯಲ್ಲಿ ಇದನ್ನು ಕಲಿಯಬೇಡಿ, ಹಿಂದಿನ ದಿನವೇ ಹೋಗಿ ವಿಚಾರಿಸಿ. ವಿಮಾನದಲ್ಲಿ ಕ್ರಿಕೆಟ್ ಬ್ಯಾಟು, ಹಾಕಿ ಸ್ಟಿಕ್ಕುಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಕೆಳಗಿನ ಲಗೇಜಿಗೇ ಹಾಕಬೇಕು. ಅಂದರೆ ಬೆಲ್ಟಿನ ಮೇಲೆ ಉರುಳಿ ಬೀಳುವ ಸಾಮಾನು ಅದು, ಗಟ್ಟಿ ಪೆಟ್ಟಿಗೆಯೇ ಬೇಕು. ನಮ್ಮೂರಿಂದ ದುಬೈ, ಸೌದಿಗೆ ಹೋಗುವ ಹುಡುಗರು ಬ್ಯಾಟು ಒಯ್ಯುತ್ತಾರೆ, ಅವರ ಕಿವಿಗೂ ಇದು ಬೀಳಲಿ.

ಇಷ್ಟೆಲ್ಲ ಕೇಳಿ ಇದೇನೋ ಹೊಸ ವಿದ್ಯೆ ಎಂದು ಯಾರಾದರೂ ಅಂದುಕೊಂಡರೆ ನನಗೆ ಆಶ್ಚರ್ಯ. ನಮ್ಮದು ರೇಷ್ಮೆಯ ಸೀಮೆ. ರೇಷ್ಮೆ ಗೂಡನ್ನು ಚಂದ್ರಿಕೆಯಿಂದ ಬಿಡಿಸಿ ಮಾರುಕಟ್ಟೆಗೆ ಒಯ್ಯುವ ರೈತ ಏನು ಮಾಡುತ್ತಾನೆ? ಚೀಲವನ್ನು ಕಿಕ್ಕಿರಿದು ತುಂಬುವುದಿಲ್ಲ, ಒಂದರ ಮೇಲೊಂದು ಹೇರುವುದಿಲ್ಲ, ಬಿಸಿಲೇರುವ ಮೊದಲೇ ತಂಪು ಹೊತ್ತಿನಲ್ಲಿ ಹೊರಡುತ್ತಾನೆ. ಒಳಗಿನ ಹುಳು ಜಜ್ಜಿದರೆ ಗೂಡಿಗೆ ಕಲೆ ಬೀಳುತ್ತದೆ, ಬೆಲೆ ಬಿದ್ದುಹೋಗುತ್ತದೆ ಎಂದು ಅವನಿಗೆ ಯಾರೂ ಭಾಷಣ ಮಾಡಿ ಹೇಳಿಲ್ಲ. ಸೀರೆ ನೇಯುವ ಮನೆಯವರನ್ನು ನೋಡಿ, ಜರಿ ಮುದುಡದಂತೆ ಮಡಿಕೆ ಹಾಕಿ, ಒದ್ದೆ ಕೈ ತಾಗಿಸದೆ ಪೆಟ್ಟಿಗೆಗಿಡುತ್ತಾರೆ. ಅದೇ ಮನೆಯ ಮಗ ಶಾಲೆಯ ಬ್ಯಾಟನ್ನು ನೆಲಕ್ಕೆಳೆಯುತ್ತ ಹೋಗುತ್ತಾನೆ. ಕೈಗೆ ವಿದ್ಯೆ ಇದೆ. ಶಾಲೆಯ ಸಾಮಾನು ತನ್ನದು ಎಂಬ ಭಾವನೆ ಮಾತ್ರ ಇಲ್ಲ.

ನಮ್ಮ ಮನೆಮಾತಿನಲ್ಲಿ ಅಮಾನತ್ ಎಂಬ ಪದವಿದೆ. ನಂಬಿ ಕೈಗೊಪ್ಪಿಸಿದ ವಸ್ತು ಎಂದರ್ಥ, ಹೇಗೆ ಪಡೆದೆವೋ ಹಾಗೆಯೇ ಹಿಂತಿರುಗಿಸಬೇಕಾದದ್ದು. ಸರ್ಕಾರಿ ಕನ್ನಡದಲ್ಲಿ ಅಮಾನತ್ತು ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಶಾಲೆಯ ಸ್ಪೋರ್ಟ್ಸ್ ರೂಮಿಗೆ ಎರಡೂ ಅರ್ಥ ಒಪ್ಪುತ್ತದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಮೊದಲ ಅರ್ಥದಲ್ಲಿ ಸಾಮಾನು ನೋಡಿಕೊಳ್ಳದವರನ್ನು ಎರಡನೆಯ ಅರ್ಥದಲ್ಲಿ ಒಂದು ವಾರ ಆಟದಿಂದ ಹೊರಗಿಡುತ್ತಿದ್ದೆ. ಅದಕ್ಕೊಂದು ರಿಜಿಸ್ಟರ್ ಇತ್ತು. ಯಾರು ಒಯ್ದರು, ಒಯ್ಯುವಾಗ ಹೇಗಿತ್ತು, ಬಂದಾಗ ಹೇಗಿತ್ತು, ಸಹಿ. ಒಯ್ದವನ ಸಹಿ ಒಂದೇ ಅಲ್ಲ, ನೋಡಿ ತೆಗೆದುಕೊಂಡವನದೂ ಬೇಕು. ಎರಡು ಸಹಿ ಬಂದ ಮೇಲೆ ವಸ್ತುಗಳು ಮುರಿಯುವುದು ತಾನಾಗಿಯೇ ಕಡಿಮೆಯಾಯಿತು. ಇದರ ಕಾರಣ ನೀವೇ ಊಹಿಸಿ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ಶಾಲೆಗಳಿಗೆ ಬ್ಯಾಟು, ಚೆಂಡು, ಕೇರಂ ಬೋರ್ಡು ದಾನವಾಗಿ ಕೊಡುತ್ತೀರಿ, ಫೋಟೋ ತೆಗೆಸುತ್ತೀರಿ, ಸಂತೋಷ. ಮುಂದಿನ ಸಲ ಕೊಡುವ ಸಾಮಾನಿನ ಜೊತೆ ಅದನ್ನಿಡುವ ಪೆಟ್ಟಿಗೆಯನ್ನೂ ಕೊಡಿ. ಒಂದು ಬ್ಯಾಟು ಕಡಿಮೆಯಾದರೂ ಪರವಾಗಿಲ್ಲ. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬೈಕಿನ ಸೀಟು, ಆಟೋದ ಹುಡ್ಡು ಹೊಲಿಯುವ ಕುಶನ್ ಕೆಲಸದವರು ನಮ್ಮ ಜನರಲ್ಲೇ ಎಷ್ಟು ಮಂದಿ ಇಲ್ಲ! ಅವರ ಬಳಿ ರೆಕ್ಸಿನ್ ಇದೆ, ಫೋಮ್ ಇದೆ, ದಪ್ಪ ಸೂಜಿಯ ಮಿಷಿನ್ ಇದೆ. ಅಳತೆ ಕೊಟ್ಟರೆ ಒಂದೇ ದಿನದಲ್ಲಿ ರಾಕೆಟ್ ಕವರು, ಹೆಲ್ಮೆಟ್ ಚೀಲ, ಕೇರಂ ಬೋರ್ಡಿನ ಗವುಸು ಹೊಲಿದು ಕೊಡುತ್ತಾರೆ. ಬಡಗಿಗಳಿದ್ದಾರೆ, ಗುಂಡಿನ ಪೆಟ್ಟಿಗೆ ಅವರಿಗೆ ಅರ್ಧ ದಿನದ ಕೆಲಸ. ಹೈಸ್ಕೂಲ್ ಮಕ್ಕಳೇ ಹೋಗಿ ಪಕ್ಕದಲ್ಲಿ ಕೂತು ಅಳತೆ ಹಿಡಿಯಲಿ. ಪ್ಲಸ್ ಟು ಮುಗಿಸಿ ಮುಂದೇನು ಎಂದು ಕೇಳುವ ಹುಡುಗರಿಗೆ ಅಲ್ಲೊಂದು ಕಸುಬಿನ ದಾರಿಯೂ ಕಂಡರೆ ಕಾಣಲಿ.

ಹುಡುಗಿಯರ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಎಷ್ಟೋ ತಾಯಂದಿರು ನನ್ನ ಬಳಿ, "ಮೇಷ್ಟ್ರೇ, ಆಟಕ್ಕೆ ಕಳಿಸೋಕೆ ನಮ್ಮ ಅಭ್ಯಂತರ ಇಲ್ಲ, ಆದರೆ ಅಷ್ಟು ಸಾಮಾನು ಹೊತ್ಕೊಂಡು ಬಸ್‌ಸ್ಟ್ಯಾಂಡಲ್ಲಿ ಎಲ್ಲರ ಕಣ್ಣಿಗೆ ಬೀಳ್ತಾ ಹೋಗ್ಬೇಕಲ್ಲ" ಎಂದಿದ್ದಾರೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಡಿ ಬಿಡಿಯಾಗಿ ಕೈ ತುಂಬ ಸಾಮಾನು ಹಿಡಿದು ಪರದಾಡುವ ಹುಡುಗಿಯನ್ನು ಜನ ನೋಡುತ್ತಾರೆ. ಹೆಗಲಿಗೆ ಒಂದು ಅಚ್ಚುಕಟ್ಟಾದ ಚೀಲ ಹಾಕಿಕೊಂಡು ಎರಡೂ ಕೈ ಬಿಡುವಾಗಿಟ್ಟು ನಡೆಯುವ ಹುಡುಗಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಒಂದು ಹೆಗಲ ಪಟ್ಟಿ ಹೊಲಿಸಿದ್ದರಿಂದ ಜಿಲ್ಲಾ ಕೂಟಕ್ಕೆ ಹೋಗಲು ಮನೆಯವರು ಒಪ್ಪಿದ ಮಕ್ಕಳನ್ನು ನಾನು ಕಂಡಿದ್ದೇನೆ.

ನನ್ನ ಸಮಯ ಮುಗಿಯಿತು ಎಂದು ನಿರೂಪಕರು ಚೀಟಿ ಕಳಿಸಿದ್ದಾರೆ. ಭರ್ಜಿಯ ಪೈಪು ಒಂದನ್ನು ಮಾಡಿಸಿ ತಂದಿದ್ದೇನೆ, ವೇದಿಕೆಯ ಎಡಗಡೆ ಗೋಡೆಯ ಬುಡದಲ್ಲಿ ಮಲಗಿಸಿದೆ. ಊಟಕ್ಕೆ ಹೋಗುವ ಮುಂಚೆ ಹನೂರು ಕಡೆಯ ಶಾಲೆಗಳವರು ಬಂದು ಒಮ್ಮೆ ಹೆಗಲಿಗೆ ಹಾಕಿ ನೋಡಿ, ಪಟ್ಟಿ ಉದ್ದವಾಯಿತೋ ಗಿಡ್ಡವಾಯಿತೋ ಹೇಳಿ. ಕೆಂಪು ಗುರುತಿರುವ ತುದಿಯ ಮುಚ್ಚಳ ಮಾತ್ರ ತೆಗೆಯಲು ಬರುತ್ತದೆ, ಇನ್ನೊಂದನ್ನು ಎಳೆಯಬೇಡಿ.